ವಿಹಾರನೌಕೆಯ ನಾವಿಕರೂ ಭದ್ರತಾ ಶಿಕ್ಷಣವೂ: ಒಂದು ಚಾರಿತ್ರಿಕ ವಿಮರ್ಶೆ

೧

ಸಮುದ್ರಯಾನದ ಇತಿಹಾಸವನ್ನು ಬರೆದವರು ಹಡಗುಗಳನ್ನು ಕುರಿತು, ಅವು ಹೊತ್ತ ಸರಕನ್ನು ಕುರಿತು, ಅವುಗಳ ಒಡೆಯರನ್ನು ಕುರಿತು ವಿಪುಲವಾಗಿ ಬರೆದಿದ್ದಾರೆ. ಹಡಗಿನ ಮೇಲೆ ದುಡಿಯುವ ಸಾಮಾನ್ಯನಿಗೆ ಆಪತ್ಕಾಲದಲ್ಲಿ ನಡೆದುಕೊಳ್ಳುವ ಬಗೆಯನ್ನು ಯಾರು ಕಲಿಸಿದರು, ಎಂದಿನಿಂದ ಕಲಿಸಿದರು, ಕಲಿಯಲೇಬೇಕೆಂದು ಯಾರು ವಿಧಿಸಿದರು ಎಂಬ ಪ್ರಶ್ನೆಗಳಿಗೆ ಆ ಗ್ರಂಥಗಳಲ್ಲಿ ದೊರೆತಿರುವ ಸ್ಥಳ ಸ್ವಲ್ಪವೇ. ಪ್ರಸ್ತುತ ಲೇಖನದಲ್ಲಿ ನಾವು ಈ ಪ್ರಶ್ನೆಗಳನ್ನು ಒಂದು ಸಂಕುಚಿತ ಕ್ಷೇತ್ರಕ್ಕೆ ಸೀಮಿತಗೊಳಿಸಿ ಪರಿಶೀಲಿಸಲು ಉದ್ದೇಶಿಸಿದ್ದೇವೆ. ಇಂದು ಬಾಡಿಗೆಗೆ ನಡೆಯುವ ಒಂದು ದೊಡ್ಡ ವಿಹಾರನೌಕೆಯಲ್ಲಿ, ಎಂದರೆ 'ಯಾಟ್' ಎಂದು ಲೋಕರೂಢಿಯಲ್ಲಿ ಕರೆಯಲ್ಪಡುವ ನೌಕೆಯಲ್ಲಿ, ಅಡಿಗೆಯವನಾಗಿಯೋ ಪರಿಚಾರಿಕೆಯಾಗಿಯೋ ಡೆಕ್ಕಿನ ಕೆಲಸಗಾರನಾಗಿಯೋ ಸೇರಬಯಸುವವರು ಬೆಂಕಿಯಾರಿಸುವುದನ್ನೂ ಪ್ರಥಮ ಚಿಕಿತ್ಸೆಯನ್ನೂ ಕಲಿತುದಕ್ಕೆ ಪ್ರಮಾಣಪತ್ರ ತೋರಿಸಬೇಕಾದುದು ಮಾತ್ರವಲ್ಲದೆ, ಭದ್ರತೆಯ ವಿಷಯದಲ್ಲಿ ಶಿಕ್ಷಣ ಪಡೆದುದಕ್ಕೂ ಪ್ರಮಾಣಪತ್ರ ತೋರಿಸಬೇಕಾಗಿದೆ. ಹಾಸಿಗೆ ಹಾಸುವ ಹುಡುಗಿಗೂ ಈ ನಿಯಮ ಅನ್ವಯಿಸುತ್ತದೆ. ಇದು ಹೇಗೆ ಬಂದಿತೆಂಬುದೇ ನಮ್ಮ ವಿಷಯ.

ಮುಂದುವರಿಯುವ ಮೊದಲು ಎರಡು ಶಬ್ದಗಳ ಅರ್ಥವನ್ನು ನಿಷ್ಕರ್ಷಿಸಿಕೊಳ್ಳುವುದು ಅವಶ್ಯ. ಬಿರುಗಾಳಿ, ಬಂಡೆ, ಬೆಂಕಿ, ಯಂತ್ರದ ಕೆಡುಕು ಇವುಗಳಿಂದ ಹಡಗನ್ನು ಕಾಯುವುದು ಸುರಕ್ಷತೆ. ಮನುಷ್ಯನ ದುರುದ್ದೇಶದಿಂದ ಹಡಗನ್ನು ಕಾಯುವುದು ಭದ್ರತೆ. ಕನ್ನಡದಲ್ಲಿ ಈ ಎರಡು ಶಬ್ದಗಳನ್ನು ನಾವು ಬಹುವೇಳೆ ಒಂದರ ಬದಲಿಗೆ ಇನ್ನೊಂದನ್ನು ಬಳಸುತ್ತೇವೆ. ಯೂರೋಪಿನ ಭಾಷೆಗಳಲ್ಲಿಯೂ ಗೊಂದಲವಿಲ್ಲದೆ ಇಲ್ಲ: ಫ್ರೆಂಚರ ನೌಕಾ ಪರಿಭಾಷೆಯಲ್ಲಿ 'ಸೆಕ್ಯುರಿತೇ' ಎಂಬುದು ಸುರಕ್ಷತೆಗೂ 'ಸ್ಯೂರ್ತೇ' ಎಂಬುದು ಭದ್ರತೆಗೂ ಸಲ್ಲುತ್ತವೆ, ಇಂಗ್ಲಿಷನ್ನು ಬಲ್ಲವರು ಇದನ್ನು ತಲೆಕೆಳಗಾದುದೆಂದು ಭಾವಿಸುವ ಸಂಭವವಿದೆ. ಸುರಕ್ಷತೆಯ ಶಿಕ್ಷಣಕ್ಕೆ ಒಂದು ಶತಮಾನಕ್ಕೂ ಮೀರಿದ ಅಂತಾರಾಷ್ಟ್ರೀಯ ಇತಿಹಾಸವಿದೆ. ೧೯೧೨ರಲ್ಲಿ ಟೈಟಾನಿಕ್ ಮುಳುಗಿದ ತರುವಾಯ ೧೯೧೪ರಲ್ಲಿ ಮೊದಲ ಸೋಲಾಸ್ ಒಡಂಬಡಿಕೆ ರೂಪುಗೊಂಡಿತು. ಭದ್ರತೆಯ ಶಿಕ್ಷಣವಾದರೋ ನಿನ್ನೆ ಮೊನ್ನೆಯದು.

ಯಾಟ್ ಎಂಬ ಶಬ್ದದ ಚರಿತ್ರೆಯೂ ಇಲ್ಲಿ ಗಮನಾರ್ಹವಾದುದು. ಇದರ ಮೂಲ ಡಚ್ ಭಾಷೆಯ 'ಯಾಖ್ಟ್'. ಬೇಟೆಯಾಡು, ಬೆನ್ನಟ್ಟು ಎಂಬ ಅರ್ಥದ ಧಾತುವಿನಿಂದ ಹುಟ್ಟಿದ ಈ ಶಬ್ದ ಹಗುರವಾದ, ವೇಗಶಾಲಿಯಾದ, ಆಳವಿಲ್ಲದ ನೀರಿನಲ್ಲಿ ಶತ್ರುವನ್ನೂ ಕಡಲ್ಗಳ್ಳನನ್ನೂ ಅಟ್ಟಿಸಿಕೊಂಡು ಹೋಗಬಲ್ಲ ನೌಕೆಯನ್ನು ನಿರ್ದೇಶಿಸುತ್ತಿತ್ತು. ಡಚ್ ಈಸ್ಟ್ ಇಂಡಿಯಾ ಕಂಪನಿಯ ನೌಕಾಪಟ್ಟಿಗಳಲ್ಲಿ ಈ ವರ್ಗದ ಹಡಗುಗಳು ಹೇರಳವಾಗಿ ಕಾಣಬರುತ್ತವೆ. ೧೬೬೦ರಲ್ಲಿ ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ ದೊರೆಗೆ ಡಚ್ಚರು 'ಮೇರಿ' ಎಂಬ ಯಾಟನ್ನು ಕಾಣಿಕೆಯಾಗಿ ಕೊಟ್ಟ ಮೇಲೆ ಇದು ರಾಜರ ವಿನೋದದ ವಸ್ತುವಾಗಿ, ಕಾಲಕ್ರಮದಲ್ಲಿ ಧನಿಕರ ವಿಲಾಸದ ಚಿಹ್ನೆಯಾಗಿ ಪರಿಣಮಿಸಿತು. ಕಳ್ಳನನ್ನು ಬೆನ್ನಟ್ಟುತ್ತಿದ್ದ ಹಡಗು ಕಳ್ಳನಿಗೆ ಎರೆಯಾಗುವ ಹಡಗಾದುದು ಶಬ್ದಾರ್ಥದ ಪಲ್ಲಟಗಳಲ್ಲಿ ವಿಚಿತ್ರವಾದುದೇ ಸರಿ.

೨

ಪ್ರಾಚೀನರು ಭದ್ರತೆಯನ್ನು ನಾವಿಕನಿಗೆ ಕಲಿಸುತ್ತಿರಲಿಲ್ಲ; ಅದನ್ನು ಹೊರಗಿನಿಂದ ಕೂಲಿಗೆ ತರುತ್ತಿದ್ದರು. ಇದಕ್ಕೆ ನಮ್ಮ ಪಶ್ಚಿಮ ಕರಾವಳಿಯೇ ಉತ್ತಮ ಸಾಕ್ಷಿ. ಕ್ರಿ.ಶ. ಒಂದನೆಯ ಶತಮಾನದ ರೋಮನ್ ಲೇಖಕನಾದ ಪ್ಲಿನಿ ತನ್ನ 'ಪ್ರಕೃತಿ ಚರಿತ್ರೆ'ಯ ಆರನೆಯ ಭಾಗದಲ್ಲಿ, ಈಜಿಪ್ಟಿನಿಂದ ಭಾರತಕ್ಕೆ ಬರುವ ವ್ಯಾಪಾರದ ಹಡಗುಗಳಲ್ಲಿ ಕಡಲ್ಗಳ್ಳರ ಭಯದಿಂದ ಬಿಲ್ಲುಗಾರರ ತುಕಡಿಗಳನ್ನು ಇರಿಸಲಾಗುತ್ತಿತ್ತೆಂದು ಹೇಳುತ್ತಾನೆ. ಮುಜಿರಿಸ್ ಬಂದರಿನ ಸಮೀಪದಲ್ಲಿ ನಿತ್ರಿಯಾಸ್ ಎಂಬಲ್ಲಿ ಕಡಲ್ಗಳ್ಳರು ನೆಲೆಸಿದ್ದರೆಂದೂ ಅವನೇ ತಿಳಿಸುತ್ತಾನೆ. ಈ ನಿತ್ರಿಯಾಸ್ ನೇತ್ರಾವತಿಯ ಮುಖದಲ್ಲಿರುವ ಮಂಗಳೂರಿನ ಪ್ರದೇಶವೆಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ. ಹೆಸರುಗಳ ಸಾದೃಶ್ಯವೇ ಅವರ ಮುಖ್ಯ ಆಧಾರವಾದುದರಿಂದ ನಾವು ಅದನ್ನು ಊಹೆಯೆಂದೇ ಪರಿಗಣಿಸುವುದು ಯುಕ್ತ.

ಇಬ್ನ್ ಬತೂತನ ಸಾಕ್ಷ್ಯ ಇದಕ್ಕಿಂತ ಹೆಚ್ಚು ಸ್ಪಷ್ಟವಾದುದು. ೧೩೪೨ರ ಸುಮಾರಿಗೆ ಗುಜರಾತಿನ ಗಾಂಧಾರದಲ್ಲಿ ಅವನು ಏರಿದ ಹಡಗಿನಲ್ಲಿ ಐವತ್ತು ಮಂದಿ ಹುಟ್ಟುಹಾಕುವವರೂ ಐವತ್ತು ಮಂದಿ ಅಬಿಸೀನಿಯದ ಯೋಧರೂ ಇದ್ದರು. ಈ ಸಮುದ್ರದ ಕ್ಷೇಮಕ್ಕೆ ಅಬಿಸೀನಿಯದವರೇ ಹೊಣೆ. ಅವರಲ್ಲಿ ಒಬ್ಬನು ಹಡಗಿನಲ್ಲಿದ್ದರೂ ಕಡಲ್ಗಳ್ಳರು ದೂರ ಸರಿಯುತ್ತಾರೆ ಎಂಬುದು ಅವನ ಅಭಿಪ್ರಾಯ. ಹುಟ್ಟುಹಾಕುವವನ ಕೆಲಸ ಹುಟ್ಟುಹಾಕುವುದು. ಕಾಯುವವನ ಕೆಲಸ ಕಾಯುವುದು. ಇವೆರಡೂ ಒಬ್ಬನಲ್ಲಿ ಕೂಡುತ್ತಿರಲಿಲ್ಲ. ಕೆಲವು ವರ್ಷಗಳ ತರುವಾಯ ಇದೇ ಪ್ರವಾಸಿ ಹೊನ್ನಾವರಕ್ಕೂ ಫಾಕನೂರಿಗೂ, ಎಂದರೆ ನಮ್ಮ ಬಾರಕೂರಿಗೂ, ನಡುವಿನ ಒಂದು ಸಣ್ಣ ದ್ವೀಪದ ಬಳಿ ಹನ್ನೆರಡು ಹಡಗುಗಳಲ್ಲಿ ಬಂದವರ ಕೈಗೆ ಸಿಕ್ಕು ಸರ್ವಸ್ವವನ್ನೂ ಕಳೆದುಕೊಂಡನು. ಅವನ ಮೈಮೇಲೆ ಉಳಿದುದು ಷರಾಯಿಯೊಂದೇ. ಫಾಕನೂರಿನ ಅರಸನಿಗೆ ಸುಮಾರು ಮೂವತ್ತು ಯುದ್ಧನೌಕೆಗಳಿದ್ದುವೆಂದೂ, ಆ ದಾರಿಯಲ್ಲಿ ಹೋಗುವ ಹಡಗು ಬಂದರಿಗೆ ಬಂದು ಕಾಣಿಕೆ ಒಪ್ಪಿಸದಿದ್ದರೆ ಅವು ಬೆನ್ನಟ್ಟುತ್ತಿದ್ದುವೆಂದೂ ಅವನು ಬರೆದಿದ್ದಾನೆ. ಹೀಗೆ ಒಬ್ಬರ ಸುಂಕಾಧಿಕಾರಿ ಇನ್ನೊಬ್ಬರಿಗೆ ಕಡಲ್ಗಳ್ಳನಾಗಿ ಕಾಣುತ್ತಿದ್ದನು. ಹೊನ್ನಾವರದ ತಿಮ್ಮಯ್ಯನನ್ನು, ಪೋರ್ಚುಗೀಸರ ಬರೆಹಗಳ ತಿಮೋಜನನ್ನು, ನೆನೆದರೆ ಈ ಮಾತು ಮತ್ತಷ್ಟು ವಿಶದವಾಗುತ್ತದೆ: ಮೊದಲು ಅವರ ಬರೆಹಗಳಲ್ಲಿ ಕಡಲ್ಗಳ್ಳನೆನಿಸಿಕೊಂಡವನೇ ೧೫೧೦ರಲ್ಲಿ ಗೋವೆಯನ್ನು ಗೆಲ್ಲುವುದಕ್ಕೆ ಆಲ್ಬುಕರ್ಕನ ಬಲಗೈಯಾದನು.

ನಂತರದ ಮೂರು ಶತಮಾನಗಳ ಕಂಪನಿ ಹಡಗುಗಳು ಫಿರಂಗಿಗಳನ್ನು ಹೊತ್ತು ತಮ್ಮ ನಾವಿಕರಿಗೆ ಅವುಗಳ ಪ್ರಯೋಗವನ್ನು ಕಲಿಸಿದುವು. ಹತ್ತೊಂಬತ್ತನೆಯ ಶತಮಾನದಲ್ಲಿ ಸಾಗರಗಳ ಕಾವಲು ರಾಷ್ಟ್ರಗಳ ನೌಕಾಬಲಗಳಿಗೆ ವರ್ಗವಾದ ಮೇಲೆ ವ್ಯಾಪಾರದ ಹಡಗು ನಿರಾಯುಧವಾಯಿತು. ಎರಡು ಮಹಾಯುದ್ಧಗಳ ಕಾಲವನ್ನು ಬಿಟ್ಟರೆ ಅದರ ನಾವಿಕನು ಭದ್ರತೆಯ ಚಿಂತೆಯನ್ನೇ ಮರೆತನು.

೩

ಸಾಗರ ಸಂಬಂಧವಾದ ಅಂತಾರಾಷ್ಟ್ರೀಯ ಶಾಸನದಲ್ಲಿ ವಿಹಾರನೌಕೆಯ ಸ್ಥಾನ ಬಹುಕಾಲ ಹೊರಗಿನದೇ ಆಗಿತ್ತು. ೧೯೭೪ರ ಸೋಲಾಸ್ ಒಡಂಬಡಿಕೆಯ ಮೊದಲ ಅಧ್ಯಾಯದಲ್ಲಿ ಯಾವ ಹಡಗುಗಳಿಗೆ ಅದು ಅನ್ವಯಿಸದೆಂಬ ಪಟ್ಟಿಯಿದೆ: ಯುದ್ಧನೌಕೆಗಳು, ೫೦೦ ಒಟ್ಟು ಟನ್ನೇಜಿಗೆ ಕಡಿಮೆಯಾದ ಸರಕುಹಡಗುಗಳು, ಯಂತ್ರಬಲವಿಲ್ಲದವು, ಪುರಾತನ ರಚನೆಯ ಮರದ ಹಡಗುಗಳು, ವ್ಯಾಪಾರದಲ್ಲಿ ತೊಡಗದ ವಿಹಾರನೌಕೆಗಳು, ಮೀನುಗಾರಿಕೆಯ ನೌಕೆಗಳು. ನಾವಿಕರ ಶಿಕ್ಷಣ, ಪ್ರಮಾಣಪತ್ರ, ಪಹರೆ ಇವುಗಳನ್ನು ಕುರಿತ ೧೯೭೮ರ ಎಸ್.ಟಿ.ಸಿ.ಡಬ್ಲ್ಯು. ಒಡಂಬಡಿಕೆಯ ಮೂರನೆಯ ವಿಧಿಯೂ ಯುದ್ಧನೌಕೆ, ಮೀನುದೋಣಿ, ವಿಹಾರನೌಕೆ, ಪುರಾತನ ರಚನೆಯ ಮರದ ಹಡಗು ಇವುಗಳನ್ನು ಹೊರಗಿಡುತ್ತದೆ. ಕೋಟ್ಯಧೀಶನ ಅಮೃತಶಿಲೆಯ ಸ್ನಾನಗೃಹವುಳ್ಳ ನೌಕೆಯೂ ಮಂಗಳೂರಿನಿಂದ ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಸಿಮೆಂಟು ಹೊರುವ ಮಂಜಿಯೂ ಒಂದೇ ವಾಕ್ಯದಲ್ಲಿ ಕೂಡಿ ಬರುವ ಪ್ರಸಂಗ ಬೇರೆಲ್ಲಿಯೂ ನಮಗೆ ದೊರೆತಿಲ್ಲ. ಒಂದನ್ನು ಅದರ ಒಡೆಯನ ಸ್ವಾತಂತ್ರ್ಯಕ್ಕಾಗಿ ಬಿಡಲಾಯಿತು, ಇನ್ನೊಂದನ್ನು ಅದರ ಒಡೆಯನ ಬಡತನಕ್ಕಾಗಿ ಬಿಡಲಾಯಿತು ಎಂದು ನಮಗೆ ತೋರುತ್ತದೆ. ಎರಡರಲ್ಲಿಯೂ ದುಡಿಯುವವನ ವಿಚಾರ ಎದ್ದಿರಲಿಲ್ಲ.

ಈ ಸ್ಥಿತಿಯನ್ನು ಅಲುಗಿಸಿದ ಮೊದಲ ಘಟನೆ ೧೯೮೫ರ ಅಕ್ಟೋಬರ್ ೭ರಂದು ಈಜಿಪ್ಟಿನ ತೀರದಾಚೆ ನಡೆಯಿತು. ಇಟಲಿಯ 'ಅಕಿಲೆ ಲಾರೊ' ಎಂಬ ವಿಹಾರಯಾತ್ರೆಯ ಹಡಗಿನ ಬಹುಮಂದಿ ಪ್ರಯಾಣಿಕರು ಪಿರಮಿಡ್ಡುಗಳನ್ನು ನೋಡಲು ಅಲೆಕ್ಸಾಂಡ್ರಿಯದಲ್ಲಿ ಇಳಿದಿದ್ದರು. ಹಡಗು ಪೋರ್ಟ್ ಸೈದಿನ ಕಡೆಗೆ ಸಾಗಿತ್ತು. ಜಿನೋವಾದಲ್ಲಿ ಟಿಕೆಟ್ಟು ಕೊಂಡು ಸಾಮಾನ್ಯ ಪ್ರಯಾಣಿಕರಂತೆಯೇ ಹತ್ತಿದ್ದ ನಾಲ್ವರು ಆಯುಧಪಾಣಿಗಳಾಗಿ ಹಡಗನ್ನು ವಶಪಡಿಸಿಕೊಂಡರು. ಮರುದಿನ ಅವರು ಗಾಲಿಕುರ್ಚಿಯಲ್ಲಿದ್ದ ಲಿಯಾನ್ ಕ್ಲಿಂಗ್‌ಹಾಫರ್ ಎಂಬ ಅಮೆರಿಕದ ವೃದ್ಧನನ್ನು ಗುಂಡಿಟ್ಟು ಕೊಂದು, ಶವವನ್ನು ಸಮುದ್ರಕ್ಕೆ ಎಸೆಯುವಂತೆ ಹಡಗಿನ ಕ್ಷೌರಿಕನನ್ನೂ ಒಬ್ಬ ಪರಿಚಾರಕನನ್ನೂ ಬಲಾತ್ಕರಿಸಿದರು. ಇತಿಹಾಸಗ್ರಂಥಗಳು ಈ ಘಟನೆಯ ರಾಜಕೀಯವನ್ನು ಚರ್ಚಿಸುತ್ತವೆ. ಈಜಿಪ್ಟಿನ ವಿಮಾನವನ್ನು ಅಮೆರಿಕದ ಯುದ್ಧವಿಮಾನಗಳು ತಡೆದು ಸಿಸಿಲಿಯಲ್ಲಿ ಇಳಿಸಿದುದನ್ನು ವರ್ಣಿಸುತ್ತವೆ. ನಮ್ಮ ಪ್ರಕೃತ ವಿಷಯಕ್ಕೆ ಆ ಕ್ಷೌರಿಕನೂ ಆ ಪರಿಚಾರಕನೂ ಹೆಚ್ಚು ಮುಖ್ಯರು. ಹಡಗಿನ ಕೆಲಸದಲ್ಲಿ ಅತ್ಯಂತ ನಿರುಪದ್ರವವೆಂದು ತೋರುವ ಎರಡು ಹುದ್ದೆಗಳಲ್ಲಿದ್ದವರು ಆ ದಿನ ಹಡಗಿನ ಅತ್ಯಂತ ಘೋರವಾದ ಕೆಲಸವನ್ನು ಮಾಡಬೇಕಾಗಿ ಬಂದಿತು. ಅವರಿಗೆ ಅದರ ಬಗೆಗೆ ಯಾರೂ ಒಂದು ಮಾತನ್ನೂ ಹೇಳಿಕೊಟ್ಟಿರಲಿಲ್ಲ.

ಅಂತಾರಾಷ್ಟ್ರೀಯ ಸಾಗರ ಸಂಸ್ಥೆಯು (ಐ.ಎಂ.ಓ.) ಅದೇ ವರ್ಷದ ನವೆಂಬರಿನಲ್ಲಿ ತನ್ನ ಮಹಾಸಭೆಯಲ್ಲಿ ಒಂದು ನಿರ್ಣಯವನ್ನು ಅಂಗೀಕರಿಸಿ, ೧೯೮೬ರ ಸೆಪ್ಟೆಂಬರಿನಲ್ಲಿ ಪ್ರಯಾಣಿಕರ ಹಾಗೂ ನಾವಿಕರ ವಿರುದ್ಧ ನಡೆಯುವ ಕೃತ್ಯಗಳನ್ನು ತಡೆಗಟ್ಟುವ ಕ್ರಮಗಳ ಸುತ್ತೋಲೆಯೊಂದನ್ನು ಹೊರಡಿಸಿತು. ಇಪ್ಪತ್ತನಾಲ್ಕು ಗಂಟೆ ಅಥವಾ ಅದಕ್ಕೆ ಮೀರಿದ ಅಂತಾರಾಷ್ಟ್ರೀಯ ಯಾನದ ಪ್ರಯಾಣಿಕ ಹಡಗುಗಳಿಗೆ ಮಾತ್ರ ಅದು ಸಂಬಂಧಿಸಿತ್ತು. ಹಡಗಿಗೊಬ್ಬ ಭದ್ರತಾಧಿಕಾರಿ ಬೇಕೆಂಬ ಕಲ್ಪನೆಯನ್ನೂ ಅವನಿಗೆ ತಕ್ಕ ಶಿಕ್ಷಣ ಬೇಕೆಂಬ ಮಾತನ್ನೂ ನಾವು ಅದರಲ್ಲಿಯೇ ಕಾಣುತ್ತೇವೆ. ಆದರೆ ಅದು ಸಲಹೆ, ವಿಧಿಯಲ್ಲ. ೧೯೮೮ರ ಮಾರ್ಚಿನಲ್ಲಿ ರೋಮಿನಲ್ಲಿ ಸಹಿಯಾದ ಒಡಂಬಡಿಕೆ ಹಡಗಿನ ಮೇಲಿನ ಹಿಂಸಾಕೃತ್ಯಗಳನ್ನು ಅಪರಾಧವೆಂದು ಘೋಷಿಸಿತಾದರೂ, ಶಿಕ್ಷಿಸುವ ಬಗೆಯನ್ನು ಹೇಳಿತೇ ಹೊರತು ಕಲಿಸುವ ಬಗೆಯನ್ನು ಹೇಳಲಿಲ್ಲ.

೪

ಸಲಹೆಯನ್ನು ವಿಧಿಯನ್ನಾಗಿ ಮಾಡಿದುದು ೨೦೦೧ರ ಸೆಪ್ಟೆಂಬರ್ ೧೧ರ ಘಟನೆಗಳು. ಸಾಗರದಲ್ಲಿಯೂ ಅದಕ್ಕೆ ಹಿನ್ನೆಲೆ ಸಿದ್ಧವಾಗಿತ್ತು. ೧೯೯೯ರಲ್ಲಿ 'ಅಲಾಂಡ್ರ ರೇನ್‌ಬೋ' ಎಂಬ ಜಪಾನೀ ಒಡೆತನದ ಹಡಗನ್ನು ಇಂಡೊನೇಷ್ಯದ ಸಮೀಪ ಅಪಹರಿಸಿ, ಹದಿನೇಳು ಮಂದಿ ನಾವಿಕರನ್ನು ತೆಪ್ಪದಲ್ಲಿ ತೇಲಿಬಿಟ್ಟು, ಹೆಸರನ್ನೂ ಬದಲಾಯಿಸಿ ಒಯ್ಯುತ್ತಿದ್ದವರನ್ನು ನವೆಂಬರಿನಲ್ಲಿ ಭಾರತದ ಕರಾವಳಿ ಪಡೆಯೂ ನೌಕಾಬಲವೂ ಅರಬ್ಬೀ ಸಮುದ್ರದಲ್ಲಿ ಬೆನ್ನಟ್ಟಿ ಹಿಡಿದುವು. ಕಡಲ್ಗಳ್ಳತನಕ್ಕೇ ಪ್ರತ್ಯೇಕವಾದ ಕಾನೂನು ಆಗ ನಮ್ಮಲ್ಲಿ ಇರಲಿಲ್ಲ. ೨೦೦೩ರಲ್ಲಿ ಮುಂಬಯಿಯ ಸೆಷನ್ಸ್ ನ್ಯಾಯಾಲಯ ವಿಧಿಸಿದ ಶಿಕ್ಷೆಯನ್ನು ೨೦೦೫ರಲ್ಲಿ ಉಚ್ಚ ನ್ಯಾಯಾಲಯ ರದ್ದುಪಡಿಸಿತು. ಪ್ರತ್ಯೇಕ ಕಾನೂನು ಬಂದುದು ೨೦೨೨ರಲ್ಲಿ. ೨೦೦೦ದ ಅಕ್ಟೋಬರಿನಲ್ಲಿ ಏಡನ್ ಬಂದರಿನಲ್ಲಿ 'ಕೋಲ್' ಎಂಬ ಅಮೆರಿಕದ ಯುದ್ಧನೌಕೆಯ ಹದಿನೇಳು ಮಂದಿ ನಾವಿಕರು ಸತ್ತರು. ೨೦೦೨ರ ಅಕ್ಟೋಬರಿನಲ್ಲಿ ಯೆಮನಿನ ತೀರದಲ್ಲಿ 'ಲಿಂಬರ್ಗ್' ಎಂಬ ಫ್ರೆಂಚ್ ತೈಲನೌಕೆ ಹೊತ್ತಿ ಉರಿಯಿತು. ಎರಡು ಕಡೆಯೂ ಸ್ಫೋಟಕವನ್ನು ತಂದುದು ಒಂದು ಸಣ್ಣ ದೋಣಿ. ಇದರ ಫಲವಾಗಿ ಸಣ್ಣ ನೌಕೆಯು ರಕ್ಷಣೆಗೆ ಅರ್ಹವಾದ ವಸ್ತುವಾಗಿ ಮಾತ್ರವಲ್ಲದೆ ಸಂಶಯಕ್ಕೆ ಪಾತ್ರವಾದ ವಸ್ತುವಾಗಿಯೂ ಅಧಿಕಾರಿಗಳ ಕಣ್ಣಿಗೆ ಬಿದ್ದಿತು.

೨೦೦೨ರ ಡಿಸೆಂಬರಿನಲ್ಲಿ ಲಂಡನ್ನಿನ ಸಮ್ಮೇಳನ ಸೋಲಾಸಿಗೆ ಹೊಸ ಅಧ್ಯಾಯವೊಂದನ್ನು ಸೇರಿಸಿ ಐ.ಎಸ್.ಪಿ.ಎಸ್. ಸಂಹಿತೆಯನ್ನು ಅಂಗೀಕರಿಸಿತು, ೨೦೦೪ರ ಜುಲೈ ೧ರಿಂದ ಅದು ಜಾರಿಗೆ ಬಂದಿತು. ಅಂತಾರಾಷ್ಟ್ರೀಯ ಶಾಸನಗಳ ಮಂದಗತಿಯನ್ನು ಬಲ್ಲವರಿಗೆ ಹದಿನೆಂಟು ತಿಂಗಳ ಈ ಅವಧಿ ಅಚ್ಚರಿಯನ್ನುಂಟುಮಾಡದಿರದು. ಹಡಗಿಗೊಂದು ಭದ್ರತಾ ಯೋಜನೆ, ಹಡಗಿನಲ್ಲೊಬ್ಬ ಭದ್ರತಾಧಿಕಾರಿ, ಕಂಪನಿಯಲ್ಲೊಬ್ಬ ಭದ್ರತಾಧಿಕಾರಿ, ಅಪಾಯದ ಪ್ರಮಾಣಕ್ಕೆ ತಕ್ಕಂತೆ ಮೂರು ಭದ್ರತಾ ಮಟ್ಟಗಳು — ಇವು ಸಂಹಿತೆಯ ಆಧಾರಸ್ತಂಭಗಳು. ಮೂರು ತಿಂಗಳಿಗೊಮ್ಮೆಯಾದರೂ ತಾಲೀಮು ನಡೆಯಬೇಕು. ಆ ಹಡಗಿನ ತಾಲೀಮಿನಲ್ಲಿ ಕಳೆದ ಮೂರು ತಿಂಗಳಲ್ಲಿ ಭಾಗವಹಿಸದಿದ್ದ ಹೊಸಬರು ಸಿಬ್ಬಂದಿಯ ಕಾಲುಭಾಗಕ್ಕಿಂತ ಹೆಚ್ಚಾಗಿ ಒಮ್ಮೆಗೇ ಸೇರಿದರೆ ಒಂದು ವಾರದೊಳಗಾಗಿ ತಾಲೀಮು ನಡೆಯಬೇಕು. ಈ ಕೊನೆಯ ನಿಯಮ ವಿಹಾರನೌಕೆಗೆ ವಿಶೇಷವಾಗಿ ತಾಗುತ್ತದೆ. ಬೇಸಗೆಯಲ್ಲಿ ಭೂಮಧ್ಯ ಸಮುದ್ರ, ಚಳಿಗಾಲದಲ್ಲಿ ಕೆರಿಬಿಯನ್ ಎಂದು ಋತುವಿಗನುಸಾರವಾಗಿ ಸಂಚರಿಸುವ ಈ ನೌಕೆಗಳಲ್ಲಿ ಸಿಬ್ಬಂದಿ ಬಹುಬೇಗ ಬದಲಾಗುತ್ತದೆ.

ಸಂಹಿತೆ ಯಾವ ಯಾಟಿಗೆ ಅನ್ವಯಿಸುತ್ತದೆ? ಇದರ ಉತ್ತರ ಎರಡು ಸಂಖ್ಯೆಗಳಲ್ಲಿ ಅಡಗಿದೆ: ೫೦೦ ಮತ್ತು ೧೨. ಹನ್ನೆರಡಕ್ಕಿಂತ ಹೆಚ್ಚು ಪ್ರಯಾಣಿಕರನ್ನು ಒಯ್ಯುವ ಯಾವ ಹಡಗೂ ಪ್ರಯಾಣಿಕ ಹಡಗು. ಅಂತಾರಾಷ್ಟ್ರೀಯ ಯಾನದಲ್ಲಿದ್ದರೆ ಅದರ ಗಾತ್ರವೆಷ್ಟೇ ಇರಲಿ ಸಂಹಿತೆಗೆ ಒಳಪಡುತ್ತದೆ. ಹನ್ನೆರಡು ಅಥವಾ ಅದಕ್ಕೆ ಕಡಿಮೆ ಅತಿಥಿಗಳನ್ನು ಬಾಡಿಗೆಗೆ ಕರೆದೊಯ್ಯುವ ಯಾಟು ಶಾಸನದ ದೃಷ್ಟಿಯಲ್ಲಿ ಸರಕುಹಡಗು. ೫೦೦ ಟನ್ನೇಜನ್ನು ಮುಟ್ಟಿದರೆ ಮಾತ್ರ ಒಳಪಡುತ್ತದೆ. ಒಡೆಯನು ತನ್ನ ಸ್ವಂತ ವಿನೋದಕ್ಕೆ ಇಟ್ಟುಕೊಂಡ ಯಾಟು ಎಷ್ಟೇ ದೊಡ್ಡದಾಗಿರಲಿ ಒಳಪಡುವುದಿಲ್ಲ. ಆದುದರಿಂದ ಒಂದೇ ಕಾರ್ಖಾನೆಯಲ್ಲಿ ಒಂದೇ ಅಚ್ಚಿನಲ್ಲಿ ಹುಟ್ಟಿದ ಎರಡು ನೌಕೆಗಳು, ಒಂದು ಬಾಡಿಗೆಗೆ ಹೋಗುವುದರಿಂದಲೂ ಇನ್ನೊಂದು ಹೋಗದಿರುವುದರಿಂದಲೂ, ಎರಡು ಬೇರೆ ಬೇರೆ ಶಾಸನಲೋಕಗಳಲ್ಲಿ ಇರುತ್ತವೆ. ಬ್ರಿಟನ್ನು ೧೯೯೭ರಲ್ಲಿ ಇಪ್ಪತ್ತನಾಲ್ಕು ಮೀಟರಿಗೆ ಮೀರಿದ ವಾಣಿಜ್ಯ ಯಾಟುಗಳಿಗೆಂದು ಪ್ರತ್ಯೇಕ ಸಂಹಿತೆಯನ್ನು ರಚಿಸಿದುದೂ, ಅದು ಹಲವು ಪರಿಷ್ಕರಣಗಳನ್ನು ಹೊಂದಿ ೨೦೧೯ರಿಂದ ಕೆಂಪು ಧ್ವಜದ ದೇಶಗಳ ಸಾಮಾನ್ಯ ಯಾಟ್ ಸಂಹಿತೆಯಾಗಿ ನಡೆಯುತ್ತಿರುವುದೂ ಈ ಅಸಂಗತಿಯನ್ನು ಕಾರ್ಯಸಾಧ್ಯವಾಗಿ ಮಾಡಲೆಂದೇ.

೫

ಕಡಲ್ಗಳ್ಳರಾದರೋ ಟನ್ನೇಜನ್ನು ಅಳೆದು ಹತ್ತುವವರಲ್ಲ. ೨೦೦೧ರ ಡಿಸೆಂಬರಿನಲ್ಲಿ ಬ್ರೆಜಿಲಿನ ಮಕಪಾ ಎಂಬಲ್ಲಿ, ಅಮೆಜಾನ್ ನದೀಮುಖದಲ್ಲಿ ಲಂಗರು ಹಾಕಿದ್ದ 'ಸೀಮಾಸ್ಟರ್' ಎಂಬ ನೌಕೆಗೆ ಶಸ್ತ್ರಧಾರಿಗಳಾದ ದರೋಡೆಗಾರರು ನುಗ್ಗಿದರು. ಅಮೆರಿಕಾಸ್ ಕಪ್ಪನ್ನು ಎರಡು ಬಾರಿ ನ್ಯೂಜಿಲೆಂಡಿಗೆ ದೊರಕಿಸಿಕೊಟ್ಟ ಸರ್ ಪೀಟರ್ ಬ್ಲೇಕ್ ಬಂದೂಕನ್ನೆತ್ತಿಕೊಂಡು ಅವರನ್ನು ಎದುರಿಸಿ ಪ್ರಾಣವನ್ನು ಕಳೆದುಕೊಂಡರು. ಈ ಸಾವು ಯಾಟಿನವರ ನಡುವೆ ಎಬ್ಬಿಸಿದ ಚರ್ಚೆ ಇನ್ನೂ ಆರಿಲ್ಲ: ಆಯುಧವಿರಬೇಕೆ, ಇರಬಾರದೆ? ಹಡಗನ್ನು ರಕ್ಷಿಸಲು ನಾವಿಕರು ಬಂದೂಕನ್ನು ಇಟ್ಟುಕೊಳ್ಳುವುದನ್ನೂ ಬಳಸುವುದನ್ನೂ ಐ.ಎಂ.ಓ. ಬಲವಾಗಿ ನಿರುತ್ತೇಜಿಸುತ್ತಾ ಬಂದಿದೆ. ಪ್ಲಿನಿಯ ಬಿಲ್ಲುಗಾರನಿಂದ ಇಷ್ಟು ದೂರ ಬಂದ ಮೇಲೆ ಶಿಕ್ಷಣದ ತಿರುಳು ಆಯುಧವನ್ನು ಬಿಟ್ಟು ಕಣ್ಣಿಗೆ ವರ್ಗವಾಯಿತು ಎನ್ನಬಹುದು. ಕಾವಲು ನೋಡುವುದು, ಏಣಿಯ ಬಳಿ ಬಂದುಹೋಗುವವರನ್ನು ಬರೆದಿಡುವುದು, ಕೋಣೆಗಳನ್ನು ಶೋಧಿಸುವುದು, ಸಂದೇಹ ಬಂದರೆ ಯಾರಿಗೆ ತಿಳಿಸಬೇಕೆಂಬುದನ್ನು ಅರಿತಿರುವುದು, ಆಯುಧಧಾರಿಗಳು ಹತ್ತಿಯೇ ಬಿಟ್ಟರೆ ಶಾಂತವಾಗಿರುವುದು — ಇವೇ ಪಾಠಗಳು.

ಸೊಮಾಲಿಯದ ತೀರದ ಘಟನೆಗಳು ಈ ಪಾಠಗಳಿಗೆ ಪರೀಕ್ಷೆಯಾದುವು. ೨೦೦೮ರ ಏಪ್ರಿಲ್ ೪ರಂದು ಏಡನ್ ಕೊಲ್ಲಿಯಲ್ಲಿ 'ಲ ಪೊನಾಂ' ಎಂಬ ಮೂರು ಪಟಸ್ತಂಭಗಳ ಫ್ರೆಂಚ್ ವಿಹಾರನೌಕೆಯನ್ನು ಕಡಲ್ಗಳ್ಳರು ಹಿಡಿದರು. ಪ್ರಯಾಣಿಕರಿಲ್ಲದ ಸ್ಥಳಾಂತರದ ಯಾನ ಅದಾಗಿದ್ದುದರಿಂದ ಸಿಕ್ಕಿಬಿದ್ದವರು ಮೂವತ್ತು ಮಂದಿ ಸಿಬ್ಬಂದಿ ಮಾತ್ರ. ಒಂದು ವಾರದ ಬಳಿಕ ಅವರು ಯಾರೂ ಗಾಯಗೊಳ್ಳದೆ ಬಿಡುಗಡೆ ಹೊಂದಿದರು; ಬಳಿಕ ಫ್ರೆಂಚ್ ಸೈನಿಕರು ಹೆಲಿಕಾಪ್ಟರುಗಳಲ್ಲಿ ದಡದವರೆಗೂ ಬೆನ್ನಟ್ಟಿ ಆರು ಮಂದಿಯನ್ನು ಹಿಡಿದರು. ಇದು ಸಂಹಿತೆಗೆ ಒಳಪಟ್ಟ ಹಡಗು. ಒಳಪಡದವುಗಳ ಗತಿ ಬೇರೆ ತೆರನಾಗಿತ್ತು. ೨೦೦೯ರ ಏಪ್ರಿಲಿನಲ್ಲಿ 'ತನಿತ್' ಎಂಬ ಸಣ್ಣ ಹಾಯಿನೌಕೆಯನ್ನು ಬಿಡಿಸುವ ಸೈನಿಕ ಕಾರ್ಯಾಚರಣೆಯಲ್ಲಿ ಅದರ ಒಡೆಯನೇ ಸತ್ತನು. ಅದೇ ವರ್ಷ ಅಕ್ಟೋಬರಿನಲ್ಲಿ ಸೇಶೆಲ್ಸಿನಿಂದ ಹೊರಟ 'ಲಿನ್ ರೈವಲ್' ನೌಕೆಯ ಬ್ರಿಟಿಷ್ ದಂಪತಿಗಳು ಒಂದು ವರ್ಷಕ್ಕೂ ಮೀರಿ ಸೆರೆಯಲ್ಲಿದ್ದರು. ೨೦೧೧ರ ಫೆಬ್ರುವರಿಯಲ್ಲಿ ಮುಂಬಯಿಯಿಂದ ಓಮಾನಿನ ಸಲಾಲಾ ಕಡೆಗೆ ಹೊರಟ 'ಕ್ವೆಸ್ಟ್' ನೌಕೆಯ ನಾಲ್ವರು ಅಮೆರಿಕನ್ನರೂ ಕೊಲೆಯಾದರು. ನಾಲ್ಕು ಉದಾಹರಣೆಗಳಿಂದ ಶಿಕ್ಷಣದ ಫಲವನ್ನು ಸಿದ್ಧಪಡಿಸಲು ಹೊರಡುವುದು ಸಾಹಸವಾದೀತು. ನೌಕೆಯ ಗಾತ್ರ, ರಕ್ಷಣೆಗೆ ಬಂದ ಪಡೆಗಳ ನಡತೆ, ದೈವ ಎಲ್ಲವೂ ಅಲ್ಲಿ ಕೆಲಸಮಾಡಿವೆ. ಯಾವ ವಿಧಿಯೂ ತಲಪದ ನೌಕೆಗಳೇ ಹೆಚ್ಚು ಬೆಲೆ ತೆತ್ತುವೆಂಬುದು ಮಾತ್ರ ನಿಸ್ಸಂದೇಹ.

ಐ.ಎಂ.ಓ. ಈ ಕೊರತೆಯನ್ನು ಕಾಣದೆ ಇರಲಿಲ್ಲ. ಸಂಹಿತೆಗೆ ಒಳಪಡದ ನೌಕೆಗಳ ಭದ್ರತೆಗಾಗಿ ೨೦೦೮ರ ಡಿಸೆಂಬರಿನಲ್ಲಿ ಅದು ಮಾರ್ಗಸೂಚಿಗಳನ್ನು ಪ್ರಕಟಿಸಿತು. ವಿಹಾರನೌಕೆ, ಮೀನುದೋಣಿ ಎರಡೂ ಅವುಗಳಲ್ಲಿ ಬರುತ್ತವೆ. ಅವು ಕಡ್ಡಾಯವಲ್ಲವೆಂದು ಶೀರ್ಷಿಕೆಯೇ ಸಾರುತ್ತದೆ. 'ಕುಬೇರ್' ಎಂಬ ಮೀನುಗಾರಿಕೆಯ ದೋಣಿಯನ್ನು ಅಪಹರಿಸಿದವರು ಮುಂಬಯಿಯ ಮೇಲೆ ದಾಳಿ ನಡೆಸಿ ಆಗ ಇನ್ನೂ ಒಂದು ತಿಂಗಳಾಗಿರಲಿಲ್ಲ.

೬

೨೦೦೮ರ ಜನವರಿಯಿಂದ ಹಡಗಿನ ಭದ್ರತಾಧಿಕಾರಿಗೆ ಎಸ್.ಟಿ.ಸಿ.ಡಬ್ಲ್ಯು. ಅಡಿಯಲ್ಲಿ ಪ್ರಮಾಣಪತ್ರ ಕಡ್ಡಾಯವಾಯಿತು. ಉಳಿದವರ ಸರದಿ ಬಂದುದು ೨೦೧೦ರ ಜೂನಿನಲ್ಲಿ ಮನಿಲಾ ನಗರದ ಸಮ್ಮೇಳನದಲ್ಲಿ. ಆ ತಿದ್ದುಪಡಿಗಳು ೨೦೧೨ರ ಜನವರಿ ೧ರಿಂದ ಜಾರಿಗೆ ಬಂದುವು. ಅಂದಿನಿಂದ ಭದ್ರತಾ ಶಿಕ್ಷಣಕ್ಕೆ ನಾಲ್ಕು ಮೆಟ್ಟಿಲುಗಳು. ಹಡಗನ್ನು ಹತ್ತಿದೊಡನೆ, ಕೆಲಸಕ್ಕೆ ತೊಡಗುವ ಮೊದಲು, ಆ ಹಡಗಿನ ವ್ಯವಸ್ಥೆಯ ಪರಿಚಯವನ್ನು ಪ್ರತಿಯೊಬ್ಬನಿಗೂ ಮಾಡಿಕೊಡಬೇಕು. ಸಂಹಿತೆಗೆ ಒಳಪಟ್ಟ ಹಡಗಿನಲ್ಲಿ ಯಾವುದೇ ಹುದ್ದೆಯಲ್ಲಿ ದುಡಿಯುವವನಿಗೆ 'ಭದ್ರತಾ ಅರಿವಿ'ನ ಶಿಕ್ಷಣ ಬೇಕು. ಕಾವಲು, ಶೋಧನೆ ಮುಂತಾದ ನಿಯತ ಕರ್ತವ್ಯವುಳ್ಳವನಿಗೆ ಇನ್ನೂ ಮೇಲಿನ ಪಾಠ. ಭದ್ರತಾಧಿಕಾರಿಗೆ ಎಲ್ಲಕ್ಕೂ ಮೇಲಿನದು. ಕಡಲ್ಗಳ್ಳತನದ ವಿಷಯವನ್ನು ಪಾಠಗಳಲ್ಲಿ ವಿಶದವಾಗಿ ಸೇರಿಸಿದುದೂ ಮನಿಲಾದಲ್ಲಿಯೇ. ಈ ಮೊದಲೇ ಸಮುದ್ರದಲ್ಲಿದ್ದವರಿಗೆ ವಿನಾಯಿತಿಯ ಮಾರ್ಗಗಳಿದ್ದುವು: ಹಿಂದಿನ ಮೂರು ವರ್ಷಗಳಲ್ಲಿ ಒಟ್ಟು ಆರು ತಿಂಗಳು ಅಂಥ ಕರ್ತವ್ಯವನ್ನು ನಿರ್ವಹಿಸಿದುದನ್ನು ತೋರಿಸಿದರೆ ೨೦೧೪ರ ಜನವರಿಯವರೆಗೆ ಪ್ರಮಾಣಪತ್ರ ಸಿಕ್ಕುತ್ತಿತ್ತು. ಗಡುವು ಬಂದಾಗ ಪ್ರಪಂಚದ ನಾವಿಕರಲ್ಲಿ ಅನೇಕರಿಗೆ ಪತ್ರವಿರಲಿಲ್ಲ; ೨೦೧೫ರ ಜುಲೈವರೆಗೆ ಬಂದರಿನ ತಪಾಸಕರು ಮೃದುವಾಗಿ ನಡೆದುಕೊಳ್ಳಬೇಕೆಂದು ಐ.ಎಂ.ಓ. ಸೂಚಿಸಬೇಕಾಯಿತು.

ವಿಹಾರನೌಕೆಯ ಲೋಕದಲ್ಲಿ ಈ ವಿಧಿಯ ಪರಿಣಾಮ ವಿಧಿಯ ಅಕ್ಷರವನ್ನು ಮೀರಿದುದು. ಶಾಸನದ ಪ್ರಕಾರ ಖಾಸಗಿ ಯಾಟಿನ ಸಿಬ್ಬಂದಿಗೆ ಪ್ರಮಾಣ ಬೇಕಾಗಿಲ್ಲ. ಆದರೆ ಸಿಬ್ಬಂದಿ ಇಂದು ಖಾಸಗಿ ನೌಕೆಯಲ್ಲಿದ್ದರೆ ನಾಳೆ ಬಾಡಿಗೆಯ ನೌಕೆಯಲ್ಲಿರುತ್ತಾರೆ. ಫ್ರಾನ್ಸಿನ ಆಂತೀಬ್, ಸ್ಪೇನಿನ ಪಾಲ್ಮಾ, ಅಮೆರಿಕದ ಫೋರ್ಟ್ ಲಾಡರ್‌ಡೇಲ್ ಇವುಗಳ ನೇಮಕದ ದಳ್ಳಾಳಿಗಳು ಎಲ್ಲರಿಂದಲೂ ಪತ್ರ ಕೇಳುತ್ತಾರೆ. ಹೀಗೆ ಒಡೆಯನಿಗೆ ಸಿಕ್ಕ ವಿನಾಯಿತಿ ಆಳಿಗೆ ಸಿಕ್ಕಲಿಲ್ಲ. ಶಿಕ್ಷಣದ ವೆಚ್ಚವನ್ನು ಮೊದಲ ಕೆಲಸ ಹುಡುಕುವ ತರುಣನು ಬಹುಮಟ್ಟಿಗೆ ತಾನೇ ಭರಿಸುತ್ತಾನೆ. ಇನ್ನೊಂದು ವಿಚಿತ್ರವೂ ಉಂಟು: ಬೆಂಕಿಯಾರಿಸುವ ಮತ್ತು ಪ್ರಾಣರಕ್ಷಣೆಯ ಸಾಮರ್ಥ್ಯವನ್ನು ಐದು ವರ್ಷಕ್ಕೊಮ್ಮೆ ಪುನಃ ತೋರಿಸಬೇಕೆಂದು ಮನಿಲಾ ವಿಧಿಸಿತು, ಒಂದು ದಿನದೊಳಗೆ ಮುಗಿಯುವ ಭದ್ರತಾ ಅರಿವಿನ ಪಾಠಕ್ಕೆ ಅಂಥ ವಿಧಿಯಿಲ್ಲ. ಅಗ್ನಿಯ ಸ್ವಭಾವ ಬದಲಾಗದು, ಕಡಲ್ಗಳ್ಳನ ಉಪಾಯಗಳು ವರ್ಷವರ್ಷವೂ ಬದಲಾಗುತ್ತವೆ. ನಿಯಮಗಳಾದರೋ ಇದಕ್ಕೆ ವಿಪರೀತವಾಗಿವೆ.

ಈ ಪಾಠಗಳಲ್ಲಿ ನಾವು ಅತ್ಯಂತ ಗುರುತರವೆಂದು ಭಾವಿಸುವ ಅಂಶ ಒಂದಿದೆ. ಅಪಾಯಕಾರಿಯಾಗಬಹುದಾದ ವ್ಯಕ್ತಿಗಳನ್ನು ಗುರುತಿಸುವುದನ್ನು ನಾವಿಕನು ಕಲಿಯಬೇಕು. ಆದರೆ ಆ ಗುರುತಿಸುವಿಕೆ ಭೇದಭಾವರಹಿತವಾಗಿರಬೇಕು ಎಂದು ಸಂಹಿತೆಯೂ ಎಸ್.ಟಿ.ಸಿ.ಡಬ್ಲ್ಯು. ಸಹ ಸ್ಪಷ್ಟವಾಗಿ ವಿಧಿಸುತ್ತವೆ. ಮೈಬಣ್ಣ, ಉಡುಪು, ದೇಶ ಇವುಗಳನ್ನು ನೋಡಿ ಸಂಶಯಿಸಬಾರದು. ನಡತೆಯನ್ನು ನೋಡಿ ಸಂಶಯಿಸಬೇಕು. ಅರ್ಧ ದಿನದ ತರಗತಿಯಲ್ಲಿ ಇದನ್ನು ಕಲಿಸುವುದು ಎಷ್ಟು ಕಠಿನವೆಂಬುದನ್ನು ಅಧ್ಯಾಪಕರಾದವರು ಬಲ್ಲರು. ತಪ್ಪಿದರೆ ಏನಾಗುತ್ತದೆಂಬುದಕ್ಕೆ ಕೇರಳದ ತೀರ ಸಾಕ್ಷಿಯಾಗಿದೆ. ೨೦೧೨ರ ಫೆಬ್ರುವರಿ ೧೫ರಂದು 'ಎನ್ರಿಕಾ ಲೆಕ್ಸಿ' ಎಂಬ ಇಟಲಿಯ ತೈಲನೌಕೆಯಲ್ಲಿ ಕಾವಲಿಗಿದ್ದ ಸೈನಿಕರು ಮೀನುಗಾರರನ್ನು ಕಡಲ್ಗಳ್ಳರೆಂದು ಬಗೆದು ಗುಂಡು ಹಾರಿಸಿ 'ಸೇಂಟ್ ಆಂಟನಿ' ದೋಣಿಯ ಇಬ್ಬರನ್ನು ಕೊಂದರು. ಅಂತಾರಾಷ್ಟ್ರೀಯ ಪಂಚಾಯಿತಿಯ ತೀರ್ಪು ೨೦೨೦ರಲ್ಲಿ ಹೊರಬಂದಿತು. ಹತ್ತು ಕೋಟಿ ರೂಪಾಯಿಗಳ ಪರಿಹಾರ ಸಂದಾಯವಾದ ಮೇಲೆ ೨೦೨೧ರಲ್ಲಿ ಸರ್ವೋಚ್ಚ ನ್ಯಾಯಾಲಯ ಮೊಕದ್ದಮೆಯನ್ನು ಮುಕ್ತಾಯಗೊಳಿಸಿತು. ಇಲ್ಲಿ ಗುಂಡು ಹಾರಿಸಿದವರು ನಾವಿಕರಲ್ಲ, ಹಡಗಿನಲ್ಲಿ ತಂದಿರಿಸಿದ ಯೋಧರು. ಇಬ್ನ್ ಬತೂತನ ಕಾಲದ ವ್ಯವಸ್ಥೆಗೆ ಮರಳಿದ ಹಡಗು ಅದು. ಮಲ್ಪೆಯಿಂದಲೋ ಕಾರವಾರದಿಂದಲೋ ಆಳಸಮುದ್ರಕ್ಕೆ ಹೋಗಿ ಬಲೆಯನ್ನು ಉಳಿಸಿಕೊಳ್ಳಲು ದೊಡ್ಡ ಹಡಗಿನ ಹತ್ತಿರಕ್ಕೆ ಧಾವಿಸುವ ನಮ್ಮ ಮೀನುಗಾರನ ನಡತೆ, ಆ ಹಡಗಿನ ಮೇಲಿನಿಂದ ನೋಡುವವನಿಗೆ ದಾಳಿಕಾರನ ನಡತೆಯಂತೆಯೇ ಕಾಣಬಹುದು. ಕಡಲತೀರದ ಬದುಕನ್ನು ಅರಿಯದವನಿಗೆ ನಡತೆಯನ್ನು ನೋಡಿ ತಿಳಿಯೆಂದು ಹೇಳಿದ ಮಾತ್ರಕ್ಕೆ ಅದು ತಿಳಿಯುವುದಿಲ್ಲ.

೭

ಇದುವರೆಗೆ ಹೇಳಿದ ಶಾಸನಗಳೆಲ್ಲವೂ ಅಪಾಯ ಹೊರಗಿನಿಂದ ಬರುತ್ತದೆಂದು ಭಾವಿಸಿವೆ. ಏಣಿಯ ಬಳಿಯ ಕಾವಲು ಹೊರಕ್ಕೆ ಮುಖಮಾಡಿ ನಿಲ್ಲುತ್ತದೆ. ಆದರೆ ವಿಹಾರನೌಕೆಯ ಇಕ್ಕಟ್ಟಾದ ಕೋಣೆಗಳಲ್ಲಿ ತಿಂಗಳುಗಟ್ಟಲೆ ಬಾಳುವ ತರುಣ ಸಿಬ್ಬಂದಿಗೆ, ವಿಶೇಷವಾಗಿ ಪರಿಚಾರಿಕೆಯರಿಗೆ, ಜೊತೆಯ ಕೆಲಸಗಾರನಿಂದಲೂ ಮೇಲಧಿಕಾರಿಯಿಂದಲೂ ಅತಿಥಿಯಿಂದಲೂ ಅಪಾಯ ಬರಬಹುದೆಂಬುದನ್ನು ಅಂತಾರಾಷ್ಟ್ರೀಯ ಶಿಕ್ಷಣವಿಧಿ ಒಪ್ಪಿಕೊಳ್ಳಲು ಬಹುಕಾಲ ಹಿಡಿಯಿತು. ೨೦೨೪ರ ಮೇ ತಿಂಗಳಲ್ಲಿ ಐ.ಎಂ.ಓ.ದ ಸಾಗರ ಸುರಕ್ಷತಾ ಸಮಿತಿ ಎಸ್.ಟಿ.ಸಿ.ಡಬ್ಲ್ಯು. ಸಂಹಿತೆಯನ್ನು ತಿದ್ದಿ, ಲೈಂಗಿಕ ಕಿರುಕುಳ ಮತ್ತು ಆಕ್ರಮಣಗಳನ್ನೂ ಒಳಗೊಂಡ ಹಿಂಸೆ ಹಾಗೂ ಪೀಡನೆಗಳನ್ನು ತಡೆಯುವ, ಎದುರಿಸುವ ಬಗೆಯನ್ನು ಎಲ್ಲ ನಾವಿಕರ ಮೂಲಶಿಕ್ಷಣದಲ್ಲಿ ಸೇರಿಸಿತು. ೨೦೨೬ರ ಜನವರಿ ೧ ಈ ತಿದ್ದುಪಡಿ ಜಾರಿಗೆ ಬರುವ ದಿನವೆಂದು ನಿಗದಿಯಾಯಿತು. ಈ ಪಾಠಕ್ಕೆ ಸ್ಥಳ ದೊರೆತಿರುವುದು ಭದ್ರತೆಯ ಪ್ರಕರಣದಲ್ಲಿ ಅಲ್ಲ, 'ವೈಯಕ್ತಿಕ ಸುರಕ್ಷತೆ ಮತ್ತು ಸಾಮಾಜಿಕ ಹೊಣೆಗಾರಿಕೆ' ಎಂಬ ಪ್ರಕರಣದಲ್ಲಿ. ಲೇಖನದ ಆರಂಭದಲ್ಲಿ ನಾವು ಸ್ವೀಕರಿಸಿದ ಅರ್ಥದಂತೆ ಮನುಷ್ಯನ ದುರುದ್ದೇಶದಿಂದ ಕಾಯುವುದು ಭದ್ರತೆಯಾದರೆ, ಇದು ಅಲ್ಲಿಗೆ ಸೇರಬೇಕಾಗಿತ್ತು. ಹಡಗಿನ ಭದ್ರತಾಧಿಕಾರಿಯಾಗಿ ಸಾಮಾನ್ಯವಾಗಿ ನಿಯುಕ್ತನಾಗುವವನು ಕ್ಯಾಪ್ಟನ್ ಅಥವಾ ಮುಖ್ಯ ಅಧಿಕಾರಿ. ದೂರು ಅವರ ವಿರುದ್ಧವೇ ಇದ್ದಾಗ ಪರಿಚಾರಿಕೆ ಯಾರಲ್ಲಿಗೆ ಹೋಗಬೇಕೆಂಬುದನ್ನು ಐ.ಎಸ್.ಪಿ.ಎಸ್. ಸಂಹಿತೆಯ ಯಾವ ಭಾಗವೂ ಹೇಳುವುದಿಲ್ಲ.